ತಗಡಿನ ಬಾಯಿಯ ಬೀಗರು

ಆ ಕಾಲಕ್ಕೆ ಆನೇಕಲ್ ಕಡೆಯ ನಮ್ಮ ಹಳ್ಳಿಯಲ್ಲಿ ಮದುವೆ ಗೊತ್ತಾದರೆ ಗಂಡಸರು ಚಪ್ಪರಕ್ಕೆ ಗರಿ ಕಡಿಯಲು ಹೋಗುತ್ತಿದ್ದರು, ಹೆಂಗಸರು ಹಾಡು ಕಟ್ಟಲು ಕೂರುತ್ತಿದ್ದರು. ಬೀಗರನ್ನು ಹಂಗಿಸುವ ಹಾಡು ಪ್ರತಿ ಮದುವೆಗೂ ಹೊಸದಾಗಿರಬೇಕು. ಹಳೆಯದನ್ನೇ ಹಾಡಿದರೆ "ತಂಗಳು ಬಡಿಸಿದ್ರು" ಎಂದು ಗಂಡಿನ ಕಡೆಯವರು ನಗುತ್ತಿದ್ದರು. ಹಂಗಿಸಿಕೊಂಡವರು ಕೋಪ ಮಾಡಿಕೊಳ್ಳುವಂತಿರಲಿಲ್ಲ. ಹಾಡಿನಲ್ಲೇ ಉತ್ತರ ಕೊಡಬೇಕಿತ್ತು.

ನನಗಾಗ ಹತ್ತು ವರ್ಷ. ಶಾಲೆಯಲ್ಲಿ ಹೆಸರು ಕೂಗಿದರೂ ಬಾಯಿ ಬಿಡದವಳು. ಆದರೆ ನಮ್ಮ ದೊಡ್ಡಮ್ಮ ನಂಜಮ್ಮ ಅವರೆಕಾಯಿ ಸುಲಿಯುತ್ತಾ ಪದ ಹೊಸೆಯುವಾಗ ಪಕ್ಕದಲ್ಲೇ ಕೂತು, ಕೈಗೆಲ್ಲಾ ಸೊಗಡು ಹತ್ತಿಸಿಕೊಂಡು, ಒಳಗೊಳಗೇ ನಾನೂ ಹೊಸೆಯುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ನನ್ನ ಅಕ್ಕ ಗೌರಿಯ ಮದುವೆ ಗೊತ್ತಾಯಿತು. ಗಂಡು ಕುಂದಲಹಳ್ಳಿಯವನು, ಕಾರ್ಖಾನೆ ಕೆಲಸ. ಅವನ ದೊಡ್ಡಪ್ಪ ಹೇಳಿಕಳಿಸಿದರು: "ಮೈಕ್ ಸೆಟ್ ನಾವೇ ತರ್ತೀವಿ. ಹೆಂಗಸರ ಹಾಡು ಗೀಡು ಬೇಡ, ನಮ್ಮ ಮರ್ಯಾದೆ ಹೋಗುತ್ತೆ." ಅಪ್ಪ ಹೂಂ ಅಂದುಬಿಟ್ಟ.

"ಇದೆಂಗಾತದೆ? ಬಾಯಿ ಒಲ್ಕೊಂಡು ಎಣ್ ಕೊಡ್ಬೇಕಾ?" ದೊಡ್ಡಮ್ಮ ಕೇಳಿದಳು.

"ಸುಮ್ಕಿರು ಅತ್ತಿಗೆ, ಸಂಬಂಧ ತಪ್ಪೋಯ್ತದೆ," ಅಂದ ಅಪ್ಪ.

ಮದುವೆ ದಿನ ಮಾವಿನ ಮರಕ್ಕೆ ಕಟ್ಟಿದ ತಗಡಿನ ಕೊಳವೆ ಬೆಳಗಿನಿಂದಲೇ ಸಿನಿಮಾ ಹಾಡು ಕಿರುಚತೊಡಗಿತು. ಚಪ್ಪರದ ತುಂಬ ಹಸಿ ಗರಿಯ ವಾಸನೆ, ಹಿತ್ತಲಿಂದ ಕುಂಬಳಕಾಯಿ ಹುಳಿಯ ಘಮ. ಧಾರೆ ಮುಗಿಯಿತು. ಅದು ಹಾಡುವ ಹೊತ್ತು. ದೊಡ್ಡಮ್ಮನೂ ಏಳೆಂಟು ಹೆಂಗಸರೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅಕ್ಕ ಬಾಸಿಂಗದ ಕೆಳಗಿಂದ ಅವರನ್ನೇ ನೋಡುತ್ತಿದ್ದಳು. ಹಾಡಿಲ್ಲದೆ ಕಳಿಸಿಬಿಡ್ತೀರಾ ಅನ್ನುವ ಹಾಗೆ.

ನಾನು ಎದ್ದು ಹೋಗಿ, ಮೈಕಿನವನ ಮುಂದೆ ತಿರುಗುತ್ತಿದ್ದ ಹಾಡಿನ ತಟ್ಟೆಯ ಮೇಲಿನ ಮುಳ್ಳನ್ನು ಎತ್ತಿಬಿಟ್ಟೆ. ಕರ್ರ್ ಎಂದು ಸದ್ದಾಗಿ ಹಾಡು ನಿಂತಿತು. ಇಡೀ ಚಪ್ಪರ ನನ್ನ ಕಡೆ ತಿರುಗಿತು. ಓಡಬೇಕಾದವಳು ಹಾಡಿದೆ:

ಬೀಗರಿಗೆ ಬಾಯಿಲ್ಲ, ಬಾಯೆಲ್ಲಿ ಮರೆತರೊ
ತಗಡಿನ ಬಾಯ ತಂದವ್ರೆ, ಸೋಬಾನೆ
ತಗಡೇ ಇವರಿಗೆ ನಾಲಿಗೆ

"ಯಾರದು ಈ ಹುಡುಗಿ? ಎಳ್ಕೊಂಡು ಹೋಗ್ರೀ!" ಗಂಡಿನ ದೊಡ್ಡಪ್ಪ ಎದ್ದು ನಿಂತರು.

ಅಪ್ಪ ಓಡಿಬಂದು ನನ್ನ ರಟ್ಟೆ ಹಿಡಿದ. "ತಪ್ಪಾಯ್ತು ಅನ್ನು."

"ಅನ್ನಾಕಿಲ್ಲ."

ನಾನು ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು. ಅವನು ಕೈ ಎತ್ತಿದ. ಅಷ್ಟರಲ್ಲಿ, ಬಂದಾಗಿನಿಂದ ಸೆರಗು ಹೊದ್ದು ತುಟಿ ಬಿಚ್ಚದೆ ಕೂತಿದ್ದ ಗಂಡಿನ ತಾಯಿ ಗಂಟಲು ಸರಿಮಾಡಿಕೊಂಡರು:

ತಗಡಿನ ಬಾಯಾದ್ರೂ ನಮಗುಂಟು ಕೇಳಮ್ಮ
ನಿಮ್ಮಪ್ಪನ ಬಾಯಿ ಎಲ್ಲವ್ವ, ಸೋಬಾನೆ
ಹೂಂ ಅಂದು ನುಂಗಿ ಕೂತವ್ನೆ

ಚಪ್ಪರ ಗೊಳ್ಳೆಂದಿತು. ಅಪ್ಪನ ಕೈ ಹಾಗೇ ಕೆಳಗಿಳಿಯಿತು. "ಅಂಗೆ ಬಾ ದಾರಿಗೆ, ಬೀಗತಿ!" ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿ ಎದ್ದಳು. ಆಮೇಲೆ ಎರಡೂ ಕಡೆಯವರು ಊಟಕ್ಕೆ ಎಲೆ ಹಾಕಿದರೂ ಹಾಡು ನಿಲ್ಲಿಸಲಿಲ್ಲ. ಗಂಡಿನ ದೊಡ್ಡಪ್ಪ "ಹಾಕೋ, ಹಾಕೋ" ಅಂತ ಮೈಕಿನವನಿಗೆ ಕೂಗುತ್ತಲೇ ಇದ್ದರು. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಮಾರನೆ ದಿನ ಅಪ್ಪ ಬಾರಿಸಿದ. ಹಾಡಿದ್ದಕ್ಕಲ್ಲ, ಎದುರಾಡಿದ್ದಕ್ಕೆ. ತಪ್ಪಾಯಿತು ಅಂತ ನಾನು ಆಗಲೂ ಅನ್ನಲಿಲ್ಲ.

ಮೊಮ್ಮಕ್ಕಳೇ, ಅವತ್ತು ಹಾಡಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ಎಷ್ಟೋ ಪದ ಹುಟ್ಟಿದವು, ನೆನಪಿರುವುದು ಇವೆರಡೇ. ಉಳಿದವು ಆ ಹೆಂಗಸರ ಜೊತೆಗೇ ಹೋದವು. ನಿಮ್ಮ ತಾತ ತೀರಿಕೊಂಡ ಮೇಲೆ, ಮುತ್ತೈದೆಯರ ಸಾಲಿನಲ್ಲಿ ಕೂತು ಹಾಡಬಾರದು ಅಂದರು. ನಾನೂ ಹೂಂ ಅಂದೆ. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಹತ್ತು ವರ್ಷದ ಹುಡುಗಿಗೆ ಇದ್ದದ್ದು ನನಗೆ ಇರಲಿಲ್ಲ. ಬೇರೆ ಏನು ಕಳೆದುಕೊಂಡಿದ್ದಕ್ಕೂ ನನಗೆ ಇಷ್ಟು ಸಂಕಟವಿಲ್ಲ.

ರಮ್ಯಾ, ನೀನೇ ಕಟ್ಟಿದ ಹಾಡುಗಳನ್ನು ಫೋನಿನಲ್ಲಿ ಹಿಡಿದು ತಂದು ನನಗೆ ಕೇಳಿಸುತ್ತೀಯಲ್ಲ, ಅದಕ್ಕೇ ಇದನ್ನು ಬರೆದೆ. ಸಿಂಗಸಂದ್ರದ ಕಲ್ಯಾಣ ಮಂಟಪದಲ್ಲಿ ನಿನ್ನ ಮದುವೆಯ ದಿನ ಹಾಡುವ ಹೆಂಗಸರ ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಎಬ್ಬಿಸಲು ಯಾರಾದರೂ ಬಂದರೆ ಬರಲಿ. ಅವರ ಮೇಲೂ ಒಂದು ಪದ ಕಟ್ಟಿಟ್ಟಿದ್ದೇನೆ.