‘ಇದೀನಿ’ ಎನ್ನಬೇಕಿತ್ತು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ತಲೆಯಾಡಿಸಿ ಬೇರೆ ಮಾತೆತ್ತುತ್ತಿದ್ದೆ. ಅಳೆಯಲಾಗದ್ದನ್ನು ನಂಬುವ ಕಸುಬು ನನ್ನದಲ್ಲ. ನೀವೂ ನಂಬಬೇಕೆಂದಿಲ್ಲ; ನಡೆದದ್ದನ್ನು ನಡೆದಷ್ಟೇ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಬ್ಯಾಡರಹಳ್ಳಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿದ್ದೆ. ಆ ವಾರ ಬಳಸುತ್ತಿದ್ದದ್ದು ರುಥೇನಿಯಂ ಕಾರ್ಬೊನಿಲ್ ಎಂಬ ಕಿತ್ತಳೆ ಬಣ್ಣದ ಪುಡಿ. ಚಿಟಿಕೆಯಷ್ಟಿದ್ದರೆ ಸಾಕು, ಔಷಧಿ ತಯಾರಿಕೆಯ ಕೆಲವು ಕ್ರಿಯೆಗಳು ಚುರುಕಾಗುತ್ತವೆ. ಆದರೆ ಕಾಯಿಸಿದರೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆಳನ್ನು ಕೊಲ್ಲುತ್ತದೆ. ಹಾಗಾಗಿ ಕಾಯಿಸುವುದೆಲ್ಲ, ಗಾಳಿಯನ್ನು ಹೊರಗೆಳೆಯುವ ಫ್ಯಾನಿರುವ ಗಾಜಿನ ಗೂಡಿನಲ್ಲಿ.

ಅನಿಲ ಸೋರಿದರೆ ಕೂಗುವ ಅಲಾರಂ ರಿಪೇರಿಗೆ ಹೋಗಿತ್ತು. ಅದು ಬರುವವರೆಗೆ ಕೆಲಸ ನಿಲ್ಲಿಸಬೇಕಿತ್ತು. ನಿಲ್ಲಿಸದೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ಪಕ್ಕದ ಕೋಣೆಯಿಂದ ಸಹೋದ್ಯೋಗಿ ಶಾಂತಾ ಹತ್ತು ನಿಮಿಷಕ್ಕೊಮ್ಮೆ “ಸರ, ಅದೀರೇನ್ರಿ?” ಎಂದು ಕೂಗುವುದು, ನಾನು “ಇದೀನಿ” ಎನ್ನುವುದು. ಅವರು ಗದಗಿನ ಕಡೆಯವರು. ನಾನು ಹುಟ್ಟಿ ಬೆಳೆದದ್ದು ಇಲ್ಲೇ ಬೆಂಗಳೂರಿನ ಮೂಡಲಪಾಳ್ಯದಲ್ಲಿ.

ಮಧ್ಯಾಹ್ನ ಮೂರರ ಹೊತ್ತಿಗೆ ಕರೆಂಟ್ ಹೋಯಿತು. ಪ್ರಯೋಗ ಕೆಡಬಾರದೆಂದು ಹೀಟರನ್ನು ನಾನೇ ಯುಪಿಎಸ್‌ಗೆ ಸಿಕ್ಕಿಸಿದ್ದೆ. ಫ್ಯಾನ್ ಅದರಲ್ಲಿರಲಿಲ್ಲ. ಫ್ಯಾನಿನ ಸದ್ದು ನಿಂತಾಗ ಗಾಬರಿಯಾಗಬೇಕಿತ್ತು. ವಾರದ ದಣಿವಿಗೆ, ಸದ್ಯ ಗದ್ದಲ ನಿಂತಿತಲ್ಲ ಎಂದು ಹಾಯೆನಿಸಿತು. ತಲೆ ಭಾರವಾಯಿತು. ಸ್ಟೂಲಿನ ಮೇಲೆ ಕೂತದ್ದು ನೆನಪಿದೆ, ಅಷ್ಟೇ.

ಮುಂದಿನದು ಶಾಂತಾ ಹೇಳಿದ್ದು. ಅವರು ಕೂಗಿದಾಗ ಒಳಗಿನಿಂದ ಬಂದ ಉತ್ತರ, “ಲಗೂ ಬಾರವ್ವಾ.” ಬೇಗ ಬಾ ಎಂದು. ತಮ್ಮ ಕಡೆಯ ಮಾತನ್ನು ನಾನು ಅಣಕಿಸುತ್ತಿದ್ದೇನೆಂದು ಅವರಿಗೆ ಸಿಟ್ಟು ಬಂತಂತೆ. “ನಮ್ ಮಾತು ಆಡ್ಕೊಂಡು ನಗತೀರೇನ್ರಿ? ಬಂದೆ ತಡೀರಿ!” ಎಂದು ಬೈಯಲೆಂದೇ ಬಾಗಿಲು ತಳ್ಳಿದ್ದಾರೆ. ನಾನು ನೆಲದ ಮೇಲಿದ್ದೆ. ಉಸಿರು ಬಿಗಿಹಿಡಿದು, ನನ್ನ ರಟ್ಟೆಗೆ ಕೈ ಹಾಕಿ ಹೊರಗೆಳೆದರು. ಸುಮ್ಮನೆ “ಇದೀನಿ” ಎಂದು ಕೇಳಿಸಿದ್ದರೆ ಇನ್ನು ಹತ್ತು ನಿಮಿಷ ಅವರು ಬರುತ್ತಿರಲಿಲ್ಲ.

ಮಂಪರಿನಲ್ಲಿ ನೀವೇ ಅಂದಿರಬಹುದು ಎಂದರು ಡಾಕ್ಟರು. ಇರಬಹುದು. ಆದರೆ ಶಾಂತಾರನ್ನು ನಾನು ಎಂದೂ ಏಕವಚನದಲ್ಲಿ ಕರೆದವನಲ್ಲ. ಆ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಇಲ್ಲ. “ದನಿ ನಿಮ್ದೇ ಸರ, ಮಾತು ಮಾತ್ರ ನಮ್ದು” ಎನ್ನುತ್ತಾರೆ ಅವರು.

ಆಮೇಲೆ ಎಷ್ಟೋ ಸಲ ಅವರೆದುರೇ “ಲಗೂ ಬಾರವ್ವಾ” ಎಂದು ಹೇಳಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿ, “ಹಿಂಗಲ್ರೀ” ಎನ್ನುತ್ತಿದ್ದರು. ಈಚೆಗೆ ಅದನ್ನೂ ಬಿಟ್ಟಿದ್ದೇನೆ. ಎಂದಾದರೊಂದು ದಿನ ಸರಿಯಾಗಿ ಬಂದುಬಿಟ್ಟರೆ ಏನು ಮಾಡುವುದೋ ನನಗೆ ತಿಳಿಯದು.