ಅತ್ತೆ ತಿಮಿಂಗಿಲ ನೋಡಲು ಹೊರಟದ್ದು

ಮೈದುನ ಸಮುದ್ರಕ್ಕೆ ಬಿದ್ದ ಸುದ್ದಿ ಬಂದಾಗ ನಾನು ಮದುವೆಯಾಗಿ ವಿಜಾಪುರದ ಜೋರಾಪುರ ಪೇಟೆಯ ಮನೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಬಬಲೇಶ್ವರದಲ್ಲಿ ಹೊಲ ನೋಡಿಕೊಂಡಿದ್ದ ಅವನು ಮುಂಬಯಿಗೆ ಹೋಗಿ, ಅಲ್ಲಿ ಸರಕಿನ ಹಡಗೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಕಾರವಾರದ ಹತ್ತಿರ ಬಿರುಗಾಳಿಗೆ ಸಿಕ್ಕು ಬಿದ್ದನೆಂದು ಅವನ ಜೊತೆಗಾರ ಬಂದು ಹೇಳಿದ. ಹೆಣ ಸಿಗಲಿಲ್ಲ.

ಹೆಣ ಕಾಣದ ಅತ್ತೆ ಅಳಲಿಲ್ಲ, ದಿನಕರ್ಮಕ್ಕೂ ಒಪ್ಪಲಿಲ್ಲ. ದೊಡ್ಡ ಮೀನು ನುಂಗಿದ ಕೂಸು ಅದರ ಹೊಟ್ಟೆಯಿಂದ ಜೀವಂತ ಹೊರಬಂದ ಕತೆಯನ್ನು ಅವರು ಸಣ್ಣವರಿದ್ದಾಗ ಪುರಾಣದಲ್ಲಿ ಕೇಳಿದ್ದರು. “ನನ್ನ ಮಗನ್ನ ಮೀನ ನುಂಗೇತಿ. ಒಂದಿನ ಉಗಳತೈತಿ,” ಎಂದು ರೊಟ್ಟಿ ಬಡಿಯುತ್ತಲೇ ಹೇಳುವರು. ಆ ದನಿಯಲ್ಲಿ ಸಂಶಯವೇ ಇರುತ್ತಿರಲಿಲ್ಲ. ನನಗೆ ಹೆದರಿಕೆಯಾಗುತ್ತಿತ್ತು.

ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ತಿಕೋಟಾದ ತವರಿಗೆ ಹೋಗಿದ್ದಳು. ನನಗಿಂತ ಚಿಕ್ಕವಳು. ಅವಳ ಅಪ್ಪ ವರ್ಷಕ್ಕೊಮ್ಮೆಯಾದರೂ ಬಂದು ನಮ್ಮ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂಡುತ್ತಿದ್ದರು.

“ಮಗಳ ವಯಸ್ಸ ಇನ್ನಾ ಸಣ್ಣದೈತ್ರಿ ಬೀಗ್ತೇರ. ಉಡಿಕಿ ಮಾಡಾಕ ನೀವು ಹೂಂ ಅನ್ರಿ.”

ಗಂಡ ಸತ್ತವಳಿಗೆ ಮತ್ತೊಂದು ಮದುವೆ ಮಾಡುವ ಪದ್ಧತಿ ನಮ್ಮಲ್ಲಿ ಮೊದಲಿಂದ ಇತ್ತು. ಆದರೆ ಅತ್ತೆಯದು ಒಂದೇ ಉತ್ತರ: “ಗಂಡ ಇದ್ದಾಕಿಗೆ ಉಡಿಕಿ ಹೆಂಗ ಮಾಡ್ತೀರಿ?” ಬೀಗರು ಚಹಾ ಸಹ ಮುಗಿಸದೆ ಎದ್ದು ಹೋಗುತ್ತಿದ್ದರು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅವರ ಜೊತೆ ಓದಿದವರೊಬ್ಬರು ಕಾರವಾರದ ಬಂದರಿನಲ್ಲಿ ನೌಕರಿಗಿದ್ದರು. ಒಮ್ಮೆ ಮನೆಗೆ ಬಂದಾಗ, ಚಳಿಗಾಲದಲ್ಲಿ ತಮ್ಮ ಕಡೆ ತಿಮಿಂಗಿಲಗಳು ಕಾಣುತ್ತವೆ, ಮೀನುಗಾರರ ದೋಣಿಯಲ್ಲಿ ಹೋಗಿ ತಾವೂ ನೋಡಿ ಬಂದಿದ್ದೇವೆ ಎಂದರು. ಒಳಗಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

“ನನಗ ಆ ಮೀನ ತೋರಸ್ರಿ.”

ಯಜಮಾನರು ಗದರಿದರು, ಬೇಡಿಕೊಂಡರು. ಅತ್ತೆ ಬಿಡಲಿಲ್ಲ. ಚಳಿಗಾಲ ಬರುತ್ತಲೇ ಬುತ್ತಿ ಕಟ್ಟಿಕೊಂಡು ನಾವು ಮೂವರು ರೈಲಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದು ಕಾರವಾರಕ್ಕೆ ಹೋದೆವು.

ದೋಣಿ ಹತ್ತುವ ಮೊದಲು ಆ ಸ್ನೇಹಿತರು ಅತ್ತೆಗೆ ತಿಳಿಸಿ ಹೇಳಿದರು: “ಕಂಡೇ ಕಾಣತೈತಿ ಅಂತ ಹೇಳಾಕ ಬರೂದಿಲ್ರಿ ಯವ್ವಾ. ಕಂಡರೂ ಪೂರ್ತಿ ಮೈ ಕಾಣಂಗಿಲ್ಲ. ಮೊದಲ ನೀರಿನ ಮ್ಯಾಲ ಹೊಗಿಯಂಗ ಉಸರ ಏಳತೈತಿ, ಆಮ್ಯಾಲ ಬೆನ್ನ. ಅಷ್ಟ. ಬಿಸಲ ಬಾಳ, ತಲಿಮ್ಯಾಲ ಸೆರಗ ಹೊದ್ಕೊರಿ. ಏನ ಆದ್ರೂ ಎದ್ದ ನಿಂದ್ರಬ್ಯಾಡ್ರಿ.”

ದಂಡೆ ದೂರವಾದ ಮೇಲೆ ನನಗೆ ವಾಂತಿಯಾಯಿತು. ಯಜಮಾನರ ಮುಖ ಬಿಳುಪೇರಿತ್ತು. ಅತ್ತೆ ಮಾತ್ರ ನೀರಿನಲ್ಲೇ ಕಣ್ಣು ಕೀಲಿಸಿ ಕೂತಿದ್ದರು. ನೀರು, ಬಿಸಿಲು, ಮತ್ತೆ ನೀರು. ಕಾಣದೆ ಹೋದರೆ ಸಾಕಪ್ಪಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಕಮ್ಮಾರನ ತಿದಿ ಒತ್ತಿದಂಥ ಸಪ್ಪಳ ಕೇಳಿತು. ತುಂತುರು ಎದ್ದು, ಕೊಳೆತ ಮೀನಿನ ನಾತ ಮೂಗಿಗೆ ಬಡಿಯಿತು. ಆಮೇಲೆ ಬೆನ್ನು ಕಂಡಿತು. ಕಪ್ಪಗೆ, ನುಣ್ಣಗೆ, ನೀರಿನೊಳಗಿಂದ ಎದ್ದು ಉರುಳಿಕೊಂಡು ಹೋಗುತ್ತಲೇ ಇತ್ತು, ಮುಗಿಯುತ್ತಲೇ ಇರಲಿಲ್ಲ.

ಅತ್ತೆ ಎದ್ದು ನಿಂತರು. “ಬಾರೋ ಯಪ್ಪಾ! ಹೊರಗ ಬಾರೋ!”

ದೋಣಿ ಒಂದು ಕಡೆಗೆ ವಾಲಿತು. ಯಜಮಾನರು ಅವರ ಸೊಂಟ ಹಿಡಿದು ಎಳೆದು ಕೂಡಿಸಿದರು. ಹೆದರಿಕೆಯಲ್ಲಿ ಅವರು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ.

“ಅದರ ಗಂಟಲದಾಗ ಮನಶ್ಯಾ ಇಳಿಯಂಗಿಲ್ಲಬೇ ಯವ್ವಾ! ಸಣ್ಣ ಸಣ್ಣ ಮೀನ ತಿಂದ ಬದಕತೈತಿ ಅದು. ತಮ್ಮನ್ನ ಯಾವ ಮೀನೂ ನುಂಗಿಲ್ಲ. ಅಂವ ಸತ್ತಾನ.”

ಆ ಮಾತನ್ನು ಅದುವರೆಗೆ ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಅತ್ತೆ ಮಗನ ಮುಖವನ್ನೇ ನೋಡಿದರು. “ಹಂಗಾರ ಅಂವ ಎಲ್ಲಿ ಹೋದ?” ಎಂದರು. ದೋಣಿಯವರು ದೋಣಿಯನ್ನು ದಂಡೆಯತ್ತ ತಿರುಗಿಸಿದರು. ದಂಡೆ ಮುಟ್ಟಿದ ಮೇಲೆ ಅತ್ತೆ ಮರಳಿನಲ್ಲಿ ಕುಸಿದು ಕೂತು, ಅಷ್ಟು ವರ್ಷಗಳ ಅಳುವನ್ನು ಒಮ್ಮೆಲೇ ಅತ್ತರು. ನಾನು ಬೆನ್ನು ಸವರಲು ಹೋದರೆ ಕೈ ತಳ್ಳಿದರು.

ವಿಜಾಪುರಕ್ಕೆ ಬಂದವರೇ, “ತಿಕೋಟಾಕ್ಕ ಹೋಗೂಣು,” ಎಂದರು.

ಇನ್ನೂ ಕುಂಕುಮ ಹಚ್ಚಿಕೊಳ್ಳುತ್ತಿದ್ದ ನೆಗೆಣ್ಣಿ ನೀರು ತಂದುಕೊಟ್ಟಳು. ಅತ್ತೆ ಅವಳ ಕೈ ಹಿಡಿದುಕೊಂಡರು. “ನನ್ನ ಮಗ ಇಲ್ಲವ್ವಾ. ಆ ಮೀನ ಕಣ್ಣಾರೆ ನೋಡಿ ಬಂದೇನಿ. ನೀ ಉಡಿಕಿ ಮಾಡ್ಕೊ.”

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಬಿಡಿಸಿಕೊಂಡಳು.

“ನೀವೆಲ್ಲಾರೂ ಹೋಗಿ ನೋಡಿ ಬಂದ್ರಿ. ಅಂವಾ ನನ್ನ ಗಂಡ ಅಲ್ಲೇನ್ರಿ ಅತ್ತಿ? ನನ್ನ ಯಾಕ ಕರೀಲಿಲ್ಲ? ನೀವು ಇದ್ದಾನ ಅಂದ್ರಿ, ನಾ ಕುಂಕಮ ಹಚ್ಕೊಂಡ ಕುಂತೆ. ಈಗ ಇಲ್ಲ ಅಂತೀರಿ. ನನ್ನ ಒಮ್ಮೆರೆ ಕೇಳೀರೇನು?”

ಅವಳ ಅಪ್ಪ ಗದರಲು ಹೋದರೆ ಅತ್ತೆಯೇ ತಡೆದರು. “ಅನ್ಲಿ ಬಿಡ್ರಿ. ಖರೇ ಐತಿ,” ಎಂದರು. ನಮ್ಮಲ್ಲಿ ಯಾರಿಗೂ ಅವಳನ್ನು ಕರೆಯಬೇಕೆಂದು ಹೊಳೆದಿರಲೇ ಇಲ್ಲ.

ಅವಳು ಒಪ್ಪಲು ಕಾಲ ಹಿಡಿಯಿತು. ಬಬಲೇಶ್ವರದಲ್ಲಿ ದಿನಕರ್ಮ ಮುಗಿದು ಒಂದೆರಡು ಸುಗ್ಗಿ ಕಳೆದ ಮೇಲೆ, ತೊರವಿಯ ಒಕ್ಕಲುತನದ ಮನೆಯೊಂದಕ್ಕೆ ಅವಳ ಉಡಿಕಿಯಾಯಿತು. ಸಂತೆಗೆಂದು ಪೇಟೆಗೆ ಬಂದಾಗ ನಮ್ಮ ಮನೆಗೂ ಬರುತ್ತಿದ್ದಳು. ನನ್ನೊಡನೆ ನಗುತ್ತಾ ಮಾತಾಡುವಳು, ಊಟ ಮಾಡುವಳು. ಅತ್ತೆ ಬಡಿಸಲು ಬಂದರೆ ಮಾತ್ರ ತಲೆ ಎತ್ತುತ್ತಿರಲಿಲ್ಲ, ಬೇಡವೆಂದೂ ಅನ್ನುತ್ತಿರಲಿಲ್ಲ. ಅತ್ತೆ ಅವಳ ತಾಟಿಗೆ ತುಪ್ಪ ಹಾಕಿ ಒಳಗೆ ಹೋಗುತ್ತಿದ್ದರು.