ಗುಂಡಗಿರಬೇಕಾದ ಕಣ್ಣು

ನನ್ನ ಹದಿನಾರನೆಯ ವಯಸ್ಸಿಗೇ ಗಂಡ ತೀರಿಕೊಂಡು ನಾನು ತವರೂರು ಹರದನಹಳ್ಳಿಗೆ ಹಿಂತಿರುಗಿದಾಗ, ಅಪ್ಪ ಯಾರ ಮಾತಿಗೂ ಕಿವಿಗೊಡದೆ ನನ್ನನ್ನು ಮತ್ತೆ ಓದಿಸಿದರು. ಆಮೇಲೆ ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಐವತ್ತರ ದಶಕದ ಆರಂಭ ಅದು. ಆ ಕೆಲಸ ಬಿಟ್ಟರೆ ನನಗೆ ಬೇರೆ ಬದುಕಿರಲಿಲ್ಲ.

ಎರಡನೆಯ ವರ್ಷ ಬೋರ್ಡಿನ ಅಕ್ಷರಗಳ ಪಕ್ಕದಲ್ಲಿ ನೆರಳು ಕಾಣತೊಡಗಿತು. ನಾನೇ ಬರೆದ ಒಂದು ‘ಮ’ ಎರಡು ಮೂರಾಗಿ ತೋರುತ್ತಿತ್ತು. ಕನ್ನಡಕ ಹಾಕಿಸಿಕೊಂಡೆ. ಕೆಲವೇ ತಿಂಗಳಲ್ಲಿ ಅದು ಸಾಲದಾಗಿ ಇನ್ನೊಂದು ಹಾಕಿಸಿದೆ. ಅದೂ ಪ್ರಯೋಜನಕ್ಕೆ ಬರಲಿಲ್ಲ. ಒಂದು ಮಧ್ಯಾಹ್ನ, ಸರಿಯಾಗಿ ಲೆಕ್ಕ ಮಾಡಿದ್ದ ಹುಡುಗಿಯ ಸ್ಲೇಟಿಗೆ ತಪ್ಪು ಹಾಕಿಬಿಟ್ಟೆ. ಅವಳು ಅತ್ತಳು. ಹೆಡ್‌ಮಿಸ್ ನನ್ನನ್ನು ಕೋಣೆಗೆ ಕರೆದರು.

“ಇನ್ಸ್‌ಪೆಕ್ಟರು ಬರೋದ್ರೊಳಗೆ ಕಣ್ಣು ಸರಿ ಮಾಡಿಸ್ಕೊ ಕಣಮ್ಮ. ಆಮೇಲೆ ನನ್ ಕೈಲಿ ಏನೂ ಇರಲ್ಲ.”

ದೊಡ್ಡ ಊರಿನ ಆಸ್ಪತ್ರೆಯಿಂದ ನಿವೃತ್ತರಾದ ಕಣ್ಣಿನ ಡಾಕ್ಟರೊಬ್ಬರು ಚಾಮರಾಜನಗರದ ತಮ್ಮ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದರು. ಒಳಕೋಣೆಯ ಮೇಜಿನ ಮೇಲೆ ಹಿತ್ತಾಳೆಯ ಒಂದು ಯಂತ್ರ ಇತ್ತು. ನಡುವೆ ದುರ್ಬೀನಿನಂಥ ಕೊಳವೆ, ಅದಕ್ಕೆ ಅಡ್ಡಲಾಗಿ ಬಿಲ್ಲಿನಂತೆ ಬಾಗಿದ ಪಟ್ಟಿ, ಪಟ್ಟಿಯ ಮೇಲೆ ಬೆಳಗುವ ಕೆಂಪು, ಹಸಿರು ಗುರುತುಗಳು. ನಾನು ಗದ್ದ ಊರಿ ಕೂತೆ.

“ಕಣ್ಣಿನ ಮುಂಭಾಗ ಎಷ್ಟು ಬಾಗಿದೆ ಅಂತ ಇದು ಅಳೆಯುತ್ತೆ. ಮಿಟುಕಿಸಬೇಡಮ್ಮ.”

ಅವರು ಪಟ್ಟಿಯನ್ನು ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. ನನ್ನ ಕಣ್ಣಿನ ಮೇಲೆ ಬಿದ್ದ ಗುರುತುಗಳ ಬಿಂಬಗಳು ಒಂದಕ್ಕೊಂದು ನೇರವಾಗಿ ಕೂಡಬೇಕಂತೆ. ಕೂಡುತ್ತಿರಲಿಲ್ಲ. ಸೊಟ್ಟಗೆ ಒಡೆದು ನಿಲ್ಲುತ್ತಿದ್ದವಂತೆ.

“ಗುಂಡಗಿರಬೇಕಾದ್ದು ನಿಂಬೆಹಣ್ಣಿನ ತುದಿ ಹಾಗೆ ಚೂಪಾಗ್ತಾ ಇದೆ,” ಎಂದರು. “ಕನ್ನಡಕ ಇದಕ್ಕೆ ಹೊಂದಲ್ಲ. ಯುಗಾದಿ ಕಳೆದ ಮೇಲೆ ಬನ್ನಿ, ಇನ್ನೊಂದು ಸಲ ಅಳೆಯೋಣ. ಕೆಲವರಿಗೆ ಅಲ್ಲಿಗೇ ನಿಂತುಬಿಡುತ್ತೆ.”

ನಿಂತುಬಿಡುತ್ತೆ ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ನಾನು ದಿನ ತಳ್ಳಿದೆ. ಪಾಠಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಪುಸ್ತಕವನ್ನು ಸುಮ್ಮನೆ ಎದುರಿಗೆ ಹಿಡಿದು ಓದುವವಳಂತೆ ನಟಿಸಿದೆ. ಸ್ಕೂಲು ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು ರೆಪ್ಪೆಯ ಮೇಲೆ ಅಂಗೈ ಒತ್ತುತ್ತಿದ್ದೆ. ಚೂಪಾದದ್ದು ಒತ್ತಿದರೆ ತಗ್ಗಬಹುದಲ್ಲವೇ ಎಂಬ ಆಸೆ. ನೋವಾಗುವವರೆಗೂ ಒತ್ತುತ್ತಿದ್ದೆ.

ಯುಗಾದಿ ಕಳೆದ ಮೇಲೆ ಹೋದೆವು. ಈ ಸಲ ಡಾಕ್ಟರು ಬೇಗನೆ ತಲೆ ಎತ್ತಿದರು.

“ಇನ್ನೊಂದು ಸಲ ನೋಡಿ ಸಾರ್. ನಾನು ಮಿಟುಕಿಸಿದೆನೇನೋ,” ಎಂದೆ.

ಅವರು ಬೇಸರಪಡದೆ ಮತ್ತೆ ನೋಡಿದರು. ನಾನು ಮತ್ತೂ ಕೇಳಿದೆ. ಅದಕ್ಕೂ ಒಪ್ಪಿ ನೋಡಿ, ಯಂತ್ರದ ದೀಪ ಆರಿಸಿದರು. “ಬಾಗು ಇನ್ನೂ ಹೆಚ್ಚಾಗಿದೆಯಮ್ಮ. ಬಲಗಣ್ಣು ತುಂಬ ಕೆಟ್ಟಿದೆ.”

ಗೋಡೆಗೆ ಒರಗಿ ನಿಂತಿದ್ದ ಅಪ್ಪ ಮುಂದೆ ಬಂದರು. “ನಂದೊಂದ್ ಕಣ್ಣ ತಗ್ದು ಇವ್ಳಿಗೆ ಆಕ್ಬುಡಿ ಸ್ವಾಮಿ. ಒಲ ಉಳೋಕೆ ನಂಗೆ ಒಂದೇ ಸಾಕು.”

“ಬದುಕಿರೋರ ಕಣ್ಣು ತೆಗೆಯೋ ಹಾಗಿಲ್ಲ ಗೌಡ್ರೆ. ಸತ್ತವರ ಕಣ್ಣಿನ ಮುಂಭಾಗದ ಪದರ ತೆಗೆದು ಹಾಕೋದನ್ನ ದೂರದ ಊರುಗಳಲ್ಲಿ ಮಾಡ್ತಾರೆ. ಹಿಡಿಯುತ್ತೆ ಅಂತ ನಾನು ಮಾತು ಕೊಡಲಾರೆ.”

“ಅಂಗಾರೆ ನಾನ್ ಸತ್ಮೇಲಾದ್ರೂ ಆಯ್ತದಾ?” ಎಂದು ಅಪ್ಪ ಕೇಳಿದರು. ಡಾಕ್ಟರು ಅವರ ಭುಜದ ಮೇಲೆ ಕೈಯಿಟ್ಟರು.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ತರಗತಿಯಲ್ಲಿ ಹಾಜರಿ ಕೂಗುತ್ತಿದ್ದಾಗ, ಬಲಗಣ್ಣಿನೊಳಗೆ ಏನೋ ಹರಿದಂತೆ ನೋವಾಗಿ ನೀರು ಸುರಿಯಿತು. ಸಂಜೆಯೊಳಗೆ ಕಣ್ಣು ಬೆಳ್ಳಗಾಗಿತ್ತು. ಆಮೇಲೆ ಆ ನೋವು ಇಳಿಯಿತು, ನೋಟ ಬರಲಿಲ್ಲ. ಇನ್ಸ್‌ಪೆಕ್ಟರು ಬರುವುದಕ್ಕೆ ನಾನು ಕಾಯಲಿಲ್ಲ. ಅಪ್ಪನೇ ಬಂದು ನನ್ನ ಟ್ರಂಕು ಹೊತ್ತುಕೊಂಡರು.

ಬಸ್ಸಿನಲ್ಲಿ ಅವರು ನನ್ನ ಎಡಕ್ಕೆ ಕೂತಿದ್ದರು. ಹರವೆ ದಾಟಿದ ಮೇಲೆ ತಿರುಗಿ ನೋಡಿದೆ. ಅಪ್ಪ ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡು, ಇನ್ನೊಂದನ್ನು ಕಿರಿದು ಮಾಡಿ ಹೊರಗಿನ ಹೊಲಗಳನ್ನು ನೋಡುತ್ತಿದ್ದರು. ನಾನು ನೋಡಿದ್ದು ಅವರಿಗೆ ಗೊತ್ತಾಗಲಿಲ್ಲ.